ಸದ್ದಿಲ್ಲದ ಇಂಜಿನ್ನು

ತುಗಿಮನ್‌ಗೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಜಾವಾದ ವೊನೊಸೊಬೊ ಪಟ್ಟಣದಿಂದ ಬೆಟ್ಟ ಹತ್ತುವ ನಮ್ಮ ರಸ್ತೆಯಲ್ಲಿ ಅವನದು ಅಪ್ಪನ ಕಾಲದ ಬೈಕ್ ರಿಪೇರಿ ಅಂಗಡಿ. ಊಟಕ್ಕೆ ಕೂತವನು ಎದ್ದು ಬಂದು ಪಂಕ್ಚರ್ ಹಾಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಅಂಥವನು ಆ ಮಂಗಳವಾರ ಸ್ಪ್ಯಾನರನ್ನು ನೆಲಕ್ಕೆ ಎಸೆದ. ತರಕಾರಿ ಮಾರುವ ಪರ್ತಿನಿ ತಮ್ಮ ಹಳೆಯ ಬೈಕನ್ನು ತಳ್ಳಿಕೊಂಡು ಬಂದಿದ್ದರು. ವಯಸ್ಸಿನಲ್ಲಿ ದೊಡ್ಡವರು, ಅವನು ಅವರನ್ನು ಯು, ಅಂದರೆ ಅಕ್ಕ, ಎಂದೇ ಕರೆಯುತ್ತಾನೆ. ಹಿಂದಿನ ಬುಟ್ಟಿಗಳಲ್ಲಿ ಸೊಪ್ಪು ಬಾಡುತ್ತಿತ್ತು.

"ಅದೇ ರೋಗ ಕಣೋ ಮನ್. ಏರಲ್ಲಿ ಉಸಿರೇ ಇಲ್ಲ. ಐದು ತಿಂಗಳಲ್ಲಿ ಮೂರನೇ ವಾಲ್ವ್. ನನ್ನ ಗಂಡಾನೂ ಇಷ್ಟು ಸಲ ಹಾಸಿಗೆ ಹಿಡಿದಿರ್ಲಿಲ್ಲ."

"ಮತ್ತೆ ರಸ್ತೆಬದಿ ಬಾಟಲಿ ಪೆಟ್ರೋಲ್ ಹಾಕಿದ್ರಾ ಯು?"

"ನೀನು ಹೇಳಿದ್ಮೇಲೆ ಬಂಕಲ್ಲೇ ಹಾಕ್ಸ್ತಿದೀನಿ. ಅದಕ್ಕೇ ದಿನಾ ಎರಡು ಕಿಲೋಮೀಟರ್ ಸುತ್ತು. ನೋಡು, ಏಳು ಗಂಟೆಗೆ ನಾನು ಮೇಲಿನ ಹಳ್ಳೀಲಿ ಇರ್ದಿದ್ರೆ ಜನ ಬೇರೆಯವನ ಹತ್ರ ತಗೋತಾರೆ. ಅವನಾಗ್ಲೇ ನನ್ನ ಜಾಗದಲ್ಲಿ ನಿಲ್ತಿದಾನೆ. ಈ ಸಲಾನೂ ಕೆಟ್ರೆ ಗಾಡಿ ಮಾರಿ ಆಲೂಗಡ್ಡೆ ಅಗೆಯೋಕೆ ಹೋಗ್ತೀನಿ."

ಅವರು ಸೊಪ್ಪನ್ನು ತಲೆಯ ಮೇಲೆ ಹೊತ್ತು ಹೋದರು. ತುಗಿಮನ್ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮೊದಲ ಸಲ ಪೆಟ್ರೋಲನ್ನು ಬೈದಿದ್ದ. ಎರಡನೇ ಸಲ ನಕಲಿ ವಾಲ್ವ್ ಎಂದು ಅಂಗಡಿಯವನೊಡನೆ ಜಗಳವಾಡಿ ಒಳ್ಳೆಯದನ್ನು ತಂದಿದ್ದ, ಕಾರ್ಬ್ಯುರೇಟರನ್ನೂ ಬಿಚ್ಚಿ ತೊಳೆದಿದ್ದ. ಇನ್ನು ಬೈಯಲು ಯಾರೂ ಉಳಿದಿರಲಿಲ್ಲ.

ಪ್ರತಿ ಸಲವೂ ಅವರನ್ನು ಕಾಯಿಸಬಾರದೆಂದು ಬಿಸಿ ಇಂಜಿನ್ನನ್ನೇ ಬಿಚ್ಚುತ್ತಿದ್ದ; ಬಿಸಿಯಲ್ಲಿ ವಾಲ್ವಿನ ಸಂದಿ ಸರಿಯಾಗಿ ಅಳೆಯಲು ಬರುವುದಿಲ್ಲ. ಈ ಸಲ ಬೇಸರ ಬಂದು ಹಾಗೇ ಬಿಟ್ಟ. ಮರುದಿನ ಬೆಳಿಗ್ಗೆ ತಣ್ಣಗಿದ್ದ ಇಂಜಿನ್ನಿನ ಮುಚ್ಚಳ ತೆಗೆದು, ವಾಲ್ವ್ ತುದಿಯ ಸಂದಿಗೆ ತೆಳು ಉಕ್ಕಿನ ಅಳತೆಪಟ್ಟಿ ತೂರಿಸಿದ. ಹೋಗಲಿಲ್ಲ. ಸುಡದೆ ಉಳಿದಿದ್ದ ಇನ್ನೊಂದು ವಾಲ್ವಿಗೂ ಹೋಗಲಿಲ್ಲ. ಅಷ್ಟು ಬಿಗಿಯಾಗಿದ್ದರೆ ಬಿಸಿಯಾದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಉರಿ ನುಗ್ಗಿ ಅಂಚು ಸುಡುತ್ತದೆ.

"ಯಾವ ಕತ್ತೆ ಇದನ್ನ ಬಿಗಿ ಮಾಡಿದ್ದು," ಎಂದವನು ಅಳತೆಪಟ್ಟಿಯನ್ನು ಕೆಳಗಿಟ್ಟ.

ಅವನೇ. ಎರಡು ಸಲವೂ ಸಂದಿಯನ್ನು ಸರಿಯಾಗಿಯೇ ಬಿಟ್ಟಿದ್ದ. ಎರಡು ಸಲವೂ ಪರ್ತಿನಿ ಪಕ್ಕದಲ್ಲಿ ನಿಂತು, "ಟಕಟಕ ಅಂತಿದೆಯಲ್ಲೋ. ಬೆಳಗಿನ ಜಾವ ಮಲಗಿರೋರ ಮನೆ ಮುಂದೆ ಹೋಗಬೇಕು, ನಾಚಿಕೆ ಆಗತ್ತೆ," ಎಂದಿದ್ದರು. ನಮ್ಮಲ್ಲಿ ಮುಂಜಾನೆ ಬೈಕನ್ನು ಓಣಿಯ ತುದಿವರೆಗೆ ತಳ್ಳಿ ಆಮೇಲೆ ಸ್ಟಾರ್ಟ್ ಮಾಡುವವರೇ ಹೆಚ್ಚು. ಹಿರಿಯರ ಮಾತು ತೆಗೆದುಹಾಕಲಾಗದೆ ಅವನು ಸದ್ದು ನಿಲ್ಲುವವರೆಗೂ ಸಂದಿಯ ತಿರುಪು ಬಿಗಿ ಮಾಡಿದ್ದ.

ಹೊಸ ವಾಲ್ವ್ ಹಾಕಿ, ಸಂದಿ ಬಿಟ್ಟು, ತನ್ನ ತಪ್ಪು ಒಪ್ಪಿಕೊಂಡು, ಆ ಸದ್ದು ಇರಲೇಬೇಕು ಎಂದು ಹೇಳಿ ಬೈಕು ಕೊಟ್ಟ. ಅದು ಟಕಟಕ ಎನ್ನುತ್ತಾ ಏರು ಹತ್ತಿತು.

ಎಂಟು ದಿನದ ಮೇಲೆ ಪರ್ತಿನಿ ಗಾಳಿ ತುಂಬಿಸಲು ಬಂದರು. ಬೈಕಿನಲ್ಲಿ ಟಕಟಕ ಸದ್ದೇ ಇರಲಿಲ್ಲ. ತುಗಿಮನ್‌ನ ಮುಖ ಇಳಿಯಿತು.

"ಯಾರು ಬಿಗಿ ಮಾಡಿದ್ದು ಯು?"

"ಮೇಲೆ ಗರುಂಗ್ ಊರಲ್ಲಿ ರಿಪೇರಿ ಮಾಡೋ ಒಬ್ಬ ಹುಡುಗ. ಎರಡೇ ನಿಮಿಷ. ಬಹಳ ಮರ್ಯಾದಸ್ಥ."

ತುಗಿಮನ್ ಬೈಕನ್ನು ಒಳಗೆ ಎಳೆದುಕೊಂಡ. "ತಣ್ಣಗಾಗ್ಲಿ. ಮಧ್ಯಾಹ್ನ ಬನ್ನಿ."

"ಮಧ್ಯಾಹ್ನ? ನನ್ನ ವ್ಯಾಪಾರ?"

"ಇವತ್ತೊಂದು ದಿನ ಹೋಗತ್ತೆ."

"ಸರಿ, ಆದ್ರೆ ಸ್ವಲ್ಪವಾದ್ರೂ ಸದ್ದು ಕಮ್ಮಿ..."

"ಆಗಲ್ಲ ಯು."

ಪರ್ತಿನಿ ಅವನನ್ನೇ ದಿಟ್ಟಿಸಿದರು. "ನಿಮ್ಮಪ್ಪ ಹೀಗೆ ಮಾತಾಡ್ತಿರ್ಲಿಲ್ಲ," ಎಂದು, ಅವನ ಹೆಂಡತಿ ತಂದಿಟ್ಟ ಚಹಾ ಮುಟ್ಟದೆ ಹೊರಟುಹೋದರು.

ಮಧ್ಯಾಹ್ನ ಬಂದು, ಟಕಟಕ ಎನ್ನುವ ಬೈಕನ್ನು ತೆಗೆದುಕೊಂಡು ಹೋದರು. ಆ ಸದ್ದು ಈಗ ಒಂದು ವರ್ಷದಿಂದ ದಿನವೂ ಆರೂವರೆಗೆ ಅಂಗಡಿಯ ಮುಂದೆ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಗಾಳಿ ತುಂಬಿಸಲು ಅವರು ಗರುಂಗ್‌ಗೆ ಹೋಗುತ್ತಾರೆ. ತುಗಿಮನ್ ಮಾತ್ರ ಆ ಹೊತ್ತಿಗೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಸದ್ದು ತಿರುವು ದಾಟುವವರೆಗೂ ಕಿವಿಗೊಟ್ಟು ಕೂರುತ್ತಾನೆ.