ಹಿಂದಕ್ಕೆ ಮುಖ ಮಾಡಿ ಕೂರುವ ವರಲಕ್ಷ್ಮಮ್ಮ

ಕರೇಕಲ್ಲು ಕೆರೆಯ ಏರಿಯ ಮೇಲೆ ಮಂಜು ಇನ್ನೂ ಕರಗಿಲ್ಲ. ವರಲಕ್ಷ್ಮಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಹಗ್ಗ ಎಳೆದುಕೊಳ್ಳುತ್ತಿದ್ದಾರೆ. ಅವಸರವಿಲ್ಲ. ಒಂದು ಮಾರು ಎಳೆದು ಹೆಬ್ಬೆರಳು, ತೋರುಬೆರಳಿನ ನಡುವೆ ಜಾರಿಸುತ್ತಾರೆ, ಮತ್ತೊಂದು ಮಾರು. ಕಣ್ಣು ಹಗ್ಗದ ಮೇಲಿಲ್ಲ, ಎದುರಿನ ನೀರಿನ ಮೇಲಿದೆ. ಒಂದು ಕಡೆ ಬೆರಳು ತಾನೇ ನಿಂತುಬಿಡುತ್ತದೆ.

"ಲೇ ಬೈರೇಶ, ಇಲ್ಲಿ ಎಳೆ ಬಿಟ್ಟೈತೆ ನೋಡು."

ಬೋಟಿಗೆ ಪೆಟ್ರೋಲ್ ಹಾಕುತ್ತಿರುವ ಬೈರೇಶ್ ತಲೆ ಎತ್ತುವುದಿಲ್ಲ. "ಅಷ್ಟಕ್ಕೇನಾಗಲ್ಲ ಬಿಡಕ್ಕ. ಇವತ್ತೊಂದಿನ ಓಡ್ಲಿ."

"ನಿನ್ನ ಮಗಳನ್ನ ಕೂರಿಸಿ ಎಳಿತೀಯಾ ಇದ್ರಲ್ಲಿ?"

ಬೈರೇಶ್ ಕುಡುಗೋಲು ತಂದು ಕೊಡುತ್ತಾರೆ. ವರಲಕ್ಷ್ಮಮ್ಮ ಹಗ್ಗವನ್ನು ಎಳೆ ಬಿಟ್ಟ ಜಾಗದಲ್ಲಿ ಕತ್ತರಿಸಿ, ಉಳಿದದ್ದನ್ನೂ ತುಂಡುತುಂಡು ಮಾಡಿ ಏರಿಯ ಮೇಲೆ ಎಸೆಯುತ್ತಾರೆ. ಗಂಟು ಹಾಕಿ ಬಳಸಬಹುದಿತ್ತಲ್ಲ ಎಂದು ಕೇಳಿದರೆ ನಗುತ್ತಾರೆ. "ಮಗ್ಗದಲ್ಲಿ ಎಳೆ ಕಿತ್ರೆ ಗಂಟು ಹಾಕ್ತೀವಿ. ಸೀರೆ ನಿಲ್ಲುತ್ತೆ. ಇದರ ತುದೀಲಿ ಜನ ಇರ್ತಾರೆ. ಉದ್ದಕ್ಕೆ ಹಂಗೇ ಬಿಟ್ರೆ ನಾಳೆ ಯಾವನಾದ್ರೂ ಇದನ್ನೇ ತಗೊಂಡು ಕಟ್ತಾನೆ. ಅದಕ್ಕೇ ತುಂಡು ಮಾಡೋದು."

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಿಂದ ಒಳಕ್ಕೆ ಹೋದರೆ ಸಿಗುವ ಈ ಕೆರೆಯ ದಡದಲ್ಲಿ ಒಂದು ರೆಸಾರ್ಟ್ ಇದೆ. ಶನಿವಾರ, ಭಾನುವಾರ ಬೆಂಗಳೂರಿನ ಕಡೆಯಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಗಾಳಿ ತುಂಬಿದ ದೊಡ್ಡ ಟ್ಯೂಬನ್ನು ಬೋಟಿನ ಹಿಂದೆ ಕಟ್ಟಿ, ಅದರ ಮೇಲೆ ಇಬ್ಬರನ್ನು ಮಲಗಿಸಿ ಎಳೆಯುವುದು ಇಲ್ಲಿನ ಮುಖ್ಯ ಆಟ. ರಜೆ ದಿನ ಊಟ ಮಾಡಲು ಬಿಡುವಿಲ್ಲದಷ್ಟು ಸುತ್ತು. ಬೋಟು ಓಡಿಸುವವರು ಬೈರೇಶ್. ಅವರ ಬೆನ್ನಿಗೆ ಬೆನ್ನು ಕೊಟ್ಟು, ಖಾಲಿ ಎಣ್ಣೆ ಕ್ಯಾನಿನ ಮೇಲೆ ಕೂತು, ಇಡೀ ದಿನ ಹಿಂದಿನ ಟ್ಯೂಬನ್ನೇ ನೋಡುವವರು ವರಲಕ್ಷ್ಮಮ್ಮ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಸೆರಗಿನ ತುದಿಯ ಗಂಟಿನಲ್ಲಿ ಬೋಟಿನ ಕೀಲಿ. ಬಂದವರು ತೆಗೆಯುವ ಫೋಟೋಗಳಲ್ಲಿ ಟ್ಯೂಬು ಇರುತ್ತದೆ, ನೀರು ಚಿಮ್ಮುವುದು ಇರುತ್ತದೆ. ಈ ಹೆಂಗಸು ಮಾತ್ರ ಇರುವುದಿಲ್ಲ.

ಈ ಕೆಲಸವನ್ನು ಅವರಿಗೆ ಯಾರೂ ಕೊಟ್ಟದ್ದಲ್ಲ. ಮೊದಲು ದಡದಲ್ಲಿ ಜಾಕೆಟ್ ತೊಳೆದು ಒಣಗಿಸುವುದಷ್ಟೇ ಅವರ ಪಾಲಿನದಾಗಿತ್ತು. ಬೈರೇಶ್ ಆಗಷ್ಟೇ ಟ್ರ್ಯಾಕ್ಟರ್ ಬಿಟ್ಟು ಬೋಟಿಗೆ ಬಂದಿದ್ದರು. ಹೊಲ ಉಳುವವನ ಕತ್ತು ಹಿಂದಕ್ಕೆ ತಿರುಗಿಯೇ ಇರುತ್ತದೆ; ನೇಗಿಲು ನೆಲ ಹಿಡಿದಿದೆಯೋ ಇಲ್ಲವೋ ನೋಡುತ್ತಾ ಮುಂದೆ ಹೋಗುವುದು ಅವರಿಗೆ ಅಭ್ಯಾಸ. ನೀರಿನ ಮೇಲೂ ಹಾಗೆಯೇ ಟ್ಯೂಬನ್ನು ನೋಡುತ್ತಾ ಓಡಿಸಿದರು. ಈ ಕೆರೆಯಾದರೋ ವರ್ಷಾನುಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆ. ಕೋಡಿ ಹರಿದ ವರ್ಷ ಮರಗಳ ರೆಂಬೆ ಕಡಿದರೇ ಹೊರತು ಬುಡ ಕೀಳಲಿಲ್ಲ. ಬೋಟು ಅಂಥದೊಂದು ಬುಡಕ್ಕೆ ಬಡಿಯಿತು. ಬೈರೇಶ್ ಮುಂದಿನ ಎರಡು ಹಲ್ಲು ಕಳೆದುಕೊಂಡರು. ಟ್ಯೂಬಿನ ಮೇಲಿದ್ದವರಿಗೆ ಏನೂ ಆಗಲಿಲ್ಲ.

"ಹಲ್ಲು ಹೋಗಿದ್ದು ಒಳ್ಳೇದೇ ಆಯ್ತು," ಎಂದು ಬೈರೇಶ್ ಈಗ ತಾವೇ ಹಾಸ್ಯ ಮಾಡುತ್ತಾರೆ. "ಮುಂದೆ ನೋಡೋ ಬುದ್ಧಿ ಬಂತು."

"ಬುದ್ಧಿ ನಿನಗೆಲ್ಲಿ ಬಂತು? ನಾನು ಬಂದೆ," ಎನ್ನುತ್ತಾರೆ ವರಲಕ್ಷ್ಮಮ್ಮ.

ಮಾರನೆಯ ದಿನ ಸೆರಗು ಸಿಕ್ಕಿಸಿಕೊಂಡು ಬೋಟು ಹತ್ತಿ ಕೂತರಂತೆ. ನಿನಗೇನಮ್ಮ ಇಲ್ಲಿ ಕೆಲಸ ಎಂದು ಕೇಳಿದವರಿಗೆ, "ಇವನು ಮುಂದೆ ನೋಡ್ಲಿ, ಹಿಂದಿನದು ನಾನು ನೋಡ್ತೀನಿ" ಎಂದರಂತೆ. ಅಂದಿನಿಂದ ಬೆಳಗ್ಗೆ ಮೊದಲ ಸುತ್ತು ಇಬ್ಬರದೇ. ನೀರು ಇಳಿದಂತೆಲ್ಲ ಬುಡಗಳು ಮೇಲಕ್ಕೆ ಬರುತ್ತವೆ. ಬಿದಿರಿನ ಗಳುವಿನಿಂದ ತಿವಿದು ನೋಡಿ, ಸಿಕ್ಕಿದ ಕಡೆ ಕೆಂಪು ಬಣ್ಣದ ಕ್ಯಾನು ತೇಲಿಬಿಟ್ಟು ಬರುತ್ತಾರೆ. ಬೋಟು ತಿರುಗುವಾಗ ಟ್ಯೂಬು ಹೊರಕ್ಕೆ ಬೀಸುತ್ತದೆ, ಹಾಗಾಗಿ ಕ್ಯಾನುಗಳ ಹತ್ತಿರ ತಿರುಗಿಸುವಂತಿಲ್ಲ. ಹೊರಡುವಾಗ ಹಗ್ಗ ಬಿಗಿಯಾಗುವ ತನಕ ನಿಧಾನ; ಸಡಿಲ ಹಗ್ಗ ಯಾರ ಕಾಲಿಗೆ ಸುತ್ತಿಕೊಳ್ಳುತ್ತದೋ ಹೇಳಲಾಗದು.

ವರಲಕ್ಷ್ಮಮ್ಮ ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ಹನ್ನೆರಡನೆಯ ವಯಸ್ಸಿಗೆ ಮಗ್ಗದ ಮುಂದೆ ನಿಂತವರು, ಮನೆಯ ಮಗ್ಗಗಳು ಗುಜರಿ ಸೇರುವ ತನಕ ನಿಂತೇ ಇದ್ದರು. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಬಾಯಿಮಾತು ನಡೆಯುವುದಿಲ್ಲ, ಅಲ್ಲಿನವರದು ಕೈಮಾತು. ಎಳೆ ಕಿತ್ತಿದೆ, ನಿಲ್ಲಿಸು ಎನ್ನಲು ಎರಡೂ ತೋಳನ್ನು ತಲೆಯ ಮೇಲೆ ಅಡ್ಡ ಹಾಕುತ್ತಾರೆ. ನಡೆಸು ಎನ್ನಲು ಒಂದು ಕೈ ನೇರ ಮೇಲಕ್ಕೆ. ಆ ಮಾತುಗಳನ್ನೇ ಬೈರೇಶ್‌ಗೆ ಕಲಿಸಿದ್ದಾರೆ. ಟ್ಯೂಬು ಹತ್ತುವವರಿಗೂ ಹತ್ತುವ ಮೊದಲು ಕಲಿಸುತ್ತಾರೆ. ಬೋಟಿನಲ್ಲಿ ಬೈರೇಶ್‌ಗೆ ಬೆನ್ನಿನ ಮೇಲೆ ಒಂದು ಗುದ್ದು ಬಿತ್ತೆಂದರೆ ಎಂಜಿನ್ ಆಫ್.

ಮಗ್ಗ ಅವರ ಎಡಗಿವಿಯನ್ನು ಪೂರ್ತಿ ತಿಂದಿದೆ, ಬಲಗಿವಿಯನ್ನು ಅರ್ಧ. ಕಳೆದ ಬೇಸಿಗೆಯಲ್ಲಿ ಇದೇ ಕಾರಣ ಹೇಳಿ ಅವರನ್ನು ಬೋಟಿನಿಂದ ಇಳಿಸಲಾಯಿತು. ರೆಸಾರ್ಟಿನ ಮ್ಯಾನೇಜರ್ ಸಂತೋಷ್ ಬಸ್ಸಿಗೆ ಹಾಕುವಂಥ ದೊಡ್ಡ ಕನ್ನಡಿ ತರಿಸಿ ಸ್ಟೀರಿಂಗ್ ಪಕ್ಕ ಬಿಗಿಸಿದರು. ಇವರು ಕೂರುತ್ತಿದ್ದ ಜಾಗದಲ್ಲಿ ಇನ್ನೊಬ್ಬ ಗಿರಾಕಿ ಕೂರಬಹುದಲ್ಲ.

"ನಿಮಗೆ ಕಿವಿ ಕೇಳಲ್ಲ ವರಲಕ್ಷ್ಮಮ್ಮನೋರೆ. ಯಾರಾದ್ರೂ ಬಿದ್ದು ಕೂಗಿಕೊಂಡ್ರೆ ಏನು ಮಾಡ್ತೀರ?"

"ಆ ಎಂಜಿನ್ ಸದ್ದಲ್ಲಿ ನಿಮಗೆ ಕೇಳುತ್ತಾ ಸಾರ್? ಕನ್ನಡಿ ನೋಡುತ್ತೆ, ಒಪ್ಕೊಂಡೆ. ಗುದ್ದುತ್ತಾ?"

ಸಂತೋಷ್ ಕನ್ನಡಿಯನ್ನೇ ಉಳಿಸಿಕೊಂಡರು. ವರಲಕ್ಷ್ಮಮ್ಮನನ್ನು ಅಡುಗೆಮನೆಗೆ ಹಾಕಿದರು. ಅವರು ಹೋಗಲಿಲ್ಲ. ದಡದಲ್ಲೇ ನಿಂತು ಹತ್ತುವವರ ಜಾಕೆಟ್ಟಿನ ಪಟ್ಟಿ ಎಳೆದೆಳೆದು ಬಿಗಿಸತೊಡಗಿದರು. ಸಂಬಳ ಹಿಡಿಯುತ್ತೇನೆ ಎಂದ ಸಂತೋಷ್‌ಗೆ, "ಹಿಡ್ಕೊಳ್ಳಿ, ಪಟ್ಟಿ ಮಾತ್ರ ನಾನು ಬಿಡಲ್ಲ" ಎಂದರು.

ಅದೇ ಬೇಸಿಗೆಯ ಒಂದು ಭಾನುವಾರ ಸಂಜೆ ಯಲಹಂಕದ ಕೀರ್ತನ ಎಂಬ ಕಾಲೇಜು ಹುಡುಗಿ ಗೆಳತಿಯೊಂದಿಗೆ ಟ್ಯೂಬು ಹತ್ತಿದಳು. ಕೆರೆಯ ನಡುವೆ ಅವಳ ಕೈ ಜಾರಿತು. ಎಂಜಿನ್ನಿನ ನಡುಕಕ್ಕೆ ಬಾಗಿದ್ದ ಕನ್ನಡಿ ಆಕಾಶ ತೋರಿಸುತ್ತಿತ್ತು; ಗೆಳತಿಯ ಕೂಗು ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಬೈರೇಶ್ ಆಚೆ ದಡದ ತನಕ ಹೋಗಿ ಬೋಟು ತಿರುಗಿಸಿ ಅದೇ ದಾರಿಯಲ್ಲಿ ವಾಪಸ್ ಹೊರಟರು. ಮುಳುಗುವ ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದ. ಆ ಬೆಳಕಿನಲ್ಲಿ ನೀರು, ತಲೆ ಯಾವುದೂ ಬೇರೆಯಾಗಿ ಕಾಣುತ್ತಿರಲಿಲ್ಲ. ಕಂಡದ್ದು ಒಂದೇ: ಏರಿಯ ಮೇಲೆ ಒಂದು ಕಪ್ಪು ಆಕೃತಿ, ತಲೆಯ ಮೇಲೆ ಅಡ್ಡ ಹಾಕಿದ ಎರಡು ತೋಳು.

"ಯಾಕೆ ಅಂತ ಯೋಚನೆ ಮಾಡ್ಲಿಲ್ಲ," ಎನ್ನುತ್ತಾರೆ ಬೈರೇಶ್. "ಅಕ್ಕ ನಿಲ್ಲಿಸು ಅಂದ್ರು, ನಿಲ್ಲಿಸ್ದೆ. ಸದ್ದು ನಿಂತ ಮೇಲೆ ಅಳು ಕೇಳಿಸ್ತು. ನಾಕು ಮಾರು ದೂರದಲ್ಲಿ ಆ ಮಗು ತೇಲ್ತಾ ಇತ್ತು."

ದಡಕ್ಕೆ ಬಂದ ಕೀರ್ತನ ನಡುಗುತ್ತಾ ಒಂದೇ ಮಾತು ಹೇಳುತ್ತಿದ್ದಳು: "ಕೂಗ್ತಾನೇ ಇದ್ದೆ ಆಂಟಿ. ಯಾರಿಗೂ ಕೇಳಿಸ್ಲಿಲ್ಲ."

"ನನಗೂ ಕೇಳಿಸ್ಲಿಲ್ಲ ಕಣಮ್ಮ," ಎಂದರಂತೆ ವರಲಕ್ಷ್ಮಮ್ಮ, ಟವೆಲ್ ಹೊದಿಸುತ್ತಾ. "ನೋಡ್ತಾ ಇದ್ದೆ."

ಬೈರೇಶ್ ಅಲ್ಲೇ ಸ್ಪ್ಯಾನರ್ ತಂದು ಕನ್ನಡಿ ಬಿಚ್ಚಿದರು. ಸಂತೋಷ್ ತಡೆಯಲಿಲ್ಲ, ನಾಳೆಯಿಂದ ಬೋಟಿಗೇ ಬನ್ನಿ ಎಂದರು. ಕರೆದ ಕೂಡಲೇ ಹೋಗುವ ಹೆಂಗಸಲ್ಲ ಇವರು. "ಬರ್ತೀನಿ. ಕೀಲಿ ನನ್ನ ಹತ್ರ ಇರಬೇಕು. ಜಾಕೆಟ್ ನೋಡಿ ನಾನು ಕೊಟ್ಟ ಮೇಲೇ ಇವನು ಬೋಟು ತೆಗೀಬೇಕು. ನೀವು ಹೇಳಿದ್ರೂ ಅಷ್ಟೇ, ನಿಮ್ಮ ಓನರ್ ಹೇಳಿದ್ರೂ ಅಷ್ಟೇ." ಕೀಲಿ ಸೆರಗಿನ ಗಂಟು ಸೇರಿದ್ದು ಹೀಗೆ. ಕನ್ನಡಿ ಈಗ ಹೆಂಗಸರು ಬಟ್ಟೆ ಬದಲಿಸುವ ಕೋಣೆಯಲ್ಲಿದೆ. ಬೆಳಗ್ಗೆ ಕುಂಕುಮ ಇಡಲು ಚೆನ್ನಾಗಿದೆ ಎಂಬುದು ವರಲಕ್ಷ್ಮಮ್ಮನ ಅಭಿಪ್ರಾಯ.

ಹೊತ್ತು ಏರಿದೆ. ಮೊದಲ ಗುಂಪಿನ ಹುಡುಗರು ಬಂದಿದ್ದಾರೆ. ಒಬ್ಬನಿಗೆ ಟ್ಯೂಬಿನ ಮೇಲೆ ನಿಂತು ವಿಡಿಯೋ ಮಾಡಿಸಿಕೊಳ್ಳುವ ಆಸೆ.

"ಒಂದೇ ಸಲ ಆಂಟಿ, ಪ್ಲೀಸ್."

"ನಿಂತ್ಕೋ ಅಪ್ಪಾ. ದಡದ ಮೇಲೆ ನಿಂತ್ಕೋ, ಎಷ್ಟೊತ್ತು ಬೇಕಾದ್ರೂ."

ಗೆಳೆಯರು ಹೋ ಎಂದು ನಗುತ್ತಾರೆ. ಅವನೂ ನಕ್ಕು ಮಲಗುತ್ತಾನೆ. ಅಷ್ಟರಲ್ಲಿ ಸಂತೋಷ್ ಏರಿಯಿಂದ ಇಳಿದು ಬರುತ್ತಾರೆ. ತಾವು ಕೂರುವ ಕ್ಯಾನು ತೆಗೆದು ಬೋಟಿಗೊಂದು ಸೀಟು ಹಾಕಿಸಿಕೊಡಿ ಎಂದು ವರಲಕ್ಷ್ಮಮ್ಮ ಕೇಳುತ್ತಾ ಬಂದು ಬಹಳ ದಿನವಾಯಿತು. ಅವರು ತಮಗಾಗಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

"ವೆಲ್ಡಿಂಗ್‌ನವನಿಗೆ ಹೇಳಿದ್ದೀನಿ ವರಲಕ್ಷ್ಮಮ್ಮನೋರೆ. ಮುಂದಕ್ಕೆ ಮುಖ ಮಾಡಿ ಹಾಕಿಸೋಣ. ಬೇರೆ ಟೈಮಲ್ಲಿ ಗೆಸ್ಟ್‌ಗಳೂ ಕೂರಬಹುದು."

ವರಲಕ್ಷ್ಮಮ್ಮ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಬೈರೇಶ್ ಕೈಗೆ ಕೊಡುತ್ತಾರೆ.

"ಹಿಂದಕ್ಕೆ ಹಾಕಿಸೋದಾದ್ರೆ ಹಾಕಿಸಿ ಸಾರ್. ಇಲ್ಲಾಂದ್ರೆ ನನಗೆ ಈ ಕ್ಯಾನೇ ಸರಿ. ಯಾವ ಕಡೆಗೆ ಬೇಕಾದ್ರೂ ತಿರುಗುತ್ತೆ."

ಕ್ಯಾನನ್ನು ಕಾಲಿನಿಂದ ಸರಿಸಿ, ಬೋಟಿನ ಮೂತಿಗೆ ಬೆನ್ನು ಹಾಕಿ ಕೂರುತ್ತಾರೆ. ಹಗ್ಗ ನೀರಿನಿಂದ ನಿಧಾನಕ್ಕೆ ಎದ್ದು ಬಿಗಿಯಾಗುತ್ತದೆ. ಟ್ಯೂಬಿನ ಮೇಲಿನ ಇಬ್ಬರ ನಾಲ್ಕು ಕೈಗಳೂ ಹಿಡಿಯ ಮೇಲಿವೆಯೇ ಎಂದು ನೋಡಿಕೊಂಡ ಮೇಲೆ ಬೈರೇಶ್ ಹೆಗಲ ಪಕ್ಕದಲ್ಲಿ ಅವರ ಒಂದು ಕೈ ನೇರ ಮೇಲಕ್ಕೆ ಹೋಗುತ್ತದೆ. ಬೋಟು ವೇಗ ಹಿಡಿಯುತ್ತದೆ.