ಅತ್ತೆಯ ಹಿತ್ತಿಲೂ ನನ್ನ ಗೇಟ್ ಪಾಸೂ

ಈಗ ಎಲ್ಲರೂ ಎಚ್.ಆರ್. ಅನ್ನುವುದಕ್ಕೆ ಎಂಬತ್ತರ ದಶಕದ ಆರಂಭದಲ್ಲಿ, ನಾನು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದುವಾಗ, ಪರ್ಸನಲ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿತ್ತು. ನಮ್ಮ ತರಗತಿಯಲ್ಲಿ ಅದನ್ನು ಆರಿಸಿಕೊಂಡ ಹುಡುಗಿ ನಾನೊಬ್ಬಳೇ. ಮಿಕ್ಕ ಹುಡುಗಿಯರು ಆಸ್ಪತ್ರೆಯ ಸಮಾಜಸೇವೆಯ ಕಡೆಗೆ ಹೋದರು. ಹೋದರು ಅನ್ನುವುದಕ್ಕಿಂತ ಮೇಷ್ಟ್ರು ಅತ್ತ ಸಾಗಹಾಕಿದರು. ನನ್ನನ್ನೂ ಸಾಗಹಾಕಲು ನೋಡಿದರು. ನಾನು ಚಿಕ್ಕಬಾಣಾವರದ ರಾಗಿ ಹೊಲದ ಮನೆಯವಳು, ಪೀಣ್ಯದ ಕಾರ್ಖಾನೆಗಳ ಸೈರನ್ ಕೇಳುತ್ತಾ ಬೆಳೆದವಳು. ಆ ಗೋಡೆಗಳ ಒಳಗೆ ಏನು ನಡೆಯುತ್ತದೆಂದು ನೋಡದೆ ನನಗೆ ಸಮಾಧಾನವಿರಲಿಲ್ಲ.

ನಮ್ಮ ಓದಿನಲ್ಲಿ ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್. ಯಾವುದಾದರೂ ಕಾರ್ಖಾನೆ ನನ್ನನ್ನು ಸೇರಿಸಿಕೊಳ್ಳದಿದ್ದರೆ ವಿಷಯ ಬದಲಾಯಿಸಲೇಬೇಕು ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ಪೀಣ್ಯದಲ್ಲಿ ಅಲೆದೂ ಅಲೆದೂ ಕೊನೆಗೆ ಮೋಟಾರು ತಯಾರಿಸುವ ಒಂದು ಕಾರ್ಖಾನೆಯ ಪರ್ಸನಲ್ ಆಫೀಸರ ಮುಂದೆ ಕುಳಿತೆ. ಮೆತ್ತಗೆ ಮಾತಾಡುವ ಮನುಷ್ಯ. ಕಾಫಿ ಕೊಡಿಸಿಯೇ ಬೇಡ ಅಂದರು.

"ನಮ್ಮಲ್ಲಿ ಲೇಡೀಸ್ ಟಾಯ್ಲೆಟ್ ಇಲ್ಲಮ್ಮ. ಇಡೀ ದಿನ ಹೇಗಿರ್ತೀರ? ಯಾವುದಾದ್ರೂ ಆಸ್ಪತ್ರೆ ನೋಡ್ಕೊಳ್ಳಿ."

"ನಿಮ್ಮ ಹಿಂದಿನ ಗೋಡೆ ಪಕ್ಕದಲ್ಲೇ ನಮ್ಮ ಸೋದರತ್ತೆ ಮನೆ ಇದೆ ಸಾರ್. ಅಲ್ಲಿಗೆ ಹೋಗ್ಬರ್ತೀನಿ."

ಅವರು ಗೋಡೆಯ ಕ್ಯಾಲೆಂಡರ್ ನೋಡಿ, ಸೋಮವಾರದಿಂದ ಬನ್ನಿ ಅಂದರು.

ಮೊದಲ ದಿನ ಊಟದ ಹೊತ್ತಿಗೆ ಅತ್ತೆಯ ಮನೆಗೆ ಹೋದೆ. ಹಿತ್ತಿಲಲ್ಲಿ ಕಕ್ಕಸಿನ ತಗಡಿನ ಬಾಗಿಲ ಮುಂದೆ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲೋ ನೋಡಿದ ಮುಖಗಳು. ಬೆಳಿಗ್ಗೆಯಷ್ಟೇ ಅದೇ ಕಾರ್ಖಾನೆಯ ಶೆಡ್ಡಿನಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾ ಕುಳಿತಿದ್ದವರು. ನಾನು ಕಣ್ಣು ಬಿಟ್ಟುಕೊಂಡು ನಿಂತೆ.

"ಅದ್ಯಾಕವ್ವ ಅಂಗ್ ನೋಡ್ತೀಯ? ದಿನಾ ಬತ್ತಾರೆ. ಬಯ್ಲೆಲ್ಲಾ ಕಾರ್ಖಾನೆ ಆಗೋಯ್ತು, ಇನ್ನೆಲ್ಲಿಗ್ ಓಗ್ಬೇಕು?" ಅಂದಳು ಅತ್ತೆ. ತನ್ನ ಹೊಲದ ಮೇಲೆಯೇ ಎದ್ದಿದ್ದ ಕಾರ್ಖಾನೆಯ ಹೆಂಗಸರಿಗೆ ಅವಳು ಬಿಂದಿಗೆಯಲ್ಲಿ ನೀರು ತುಂಬಿಸಿಡುತ್ತಿದ್ದಳು.

ಊಟದ ಹೊತ್ತಿನಲ್ಲಿ ಮಾತ್ರ ವಾಚ್‌ಮನ್ ಹಿಂದಿನ ಸಣ್ಣ ಬಾಗಿಲು ತೆಗೆಯುತ್ತಿದ್ದ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಆ ಭಯಕ್ಕೆ ಅವರು ಬೆಳಿಗ್ಗೆ ನೀರೇ ಕುಡಿಯುತ್ತಿರಲಿಲ್ಲ. ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕು ಎಂಬ ಕಾನೂನನ್ನು ನಾನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೆ. ನನ್ನೊಬ್ಬಳಿಗೆ ಟಾಯ್ಲೆಟ್ ಇಲ್ಲವೆಂದು ಮರುಗಿದ ಆಫೀಸರ ಕಣ್ಣಿಗೆ ಶೆಡ್ಡಿನ ತುಂಬ ಇದ್ದ ಹೆಂಗಸರು ಬಿದ್ದಿರಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಆದರೂ ಕೆಲವು ವಾರ ಸುಮ್ಮನಿದ್ದೆ. ನನ್ನ ಹಾಜರಿಗೆ ಸಹಿ ಹಾಕುವವರು ಆ ಆಫೀಸರೇ, ನನ್ನ ಕೆಲಸಕ್ಕೆ ಅಂಕ ಕೊಡುವವರೂ ಅವರೇ. ಒಂದು ದಿನ ಅತ್ತೆ ನಂಟರ ಮದುವೆಗೆಂದು ಮಾದನಾಯಕನಹಳ್ಳಿಗೆ ಹೋಗಿದ್ದಳು. ಹಿತ್ತಿಲಿಗೆ ಬೀಗ. ನಾವೆಲ್ಲ ಬೀಗ ನೋಡಿ, ಒಬ್ಬರ ಮುಖ ಒಬ್ಬರು ನೋಡಿ ವಾಪಸು ಬಂದೆವು. ಆ ಮಧ್ಯಾಹ್ನ ನಾನು ಪಟ್ಟ ಪಾಡು ನನಗೇ ಗೊತ್ತು. ಅವರು ಅದೇ ಪಾಡಿನಲ್ಲಿ ತಂತಿ ಸುತ್ತುತ್ತಿದ್ದರು. ಸಂಜೆ ಆಫೀಸರ ಕೋಣೆಗೆ ಹೋಗಿ ಎಲ್ಲ ಹೇಳಿದೆ.

"ಅವರ‍್ಯಾರೂ ಇದುವರೆಗೆ ಕೇಳೇ ಇಲ್ವಲ್ಲಮ್ಮ" ಅಂದರು.

"ನಾನು ಕೇಳ್ತಿದೀನಿ ಸಾರ್."

"ನೀವು ಇಲ್ಲಿಗೆ ಬಂದಿರೋದು ಕಲಿಯೋಕೆ" ಅಂದು ಫೈಲು ತೆರೆದರು.

ಆಫೀಸರಿಂದ ದೂರು ಹೋಗಿತ್ತು; ಮರುದಿನ ಮೇಷ್ಟ್ರು ಕರೆದು ಬೈದರು. ಹೊಂದಿಕೊಂಡು ಹೋಗುವುದಾದರೆ ಹೋಗು, ಇಲ್ಲದಿದ್ದರೆ ಆಸ್ಪತ್ರೆ ಇದ್ದೇ ಇದೆ ಅಂದರು. ತಂತಿ ಸುತ್ತುವ ಹೆಂಗಸರನ್ನು ನೀವೂ ಬಂದು ಕೇಳುತ್ತೀರಾ ಎಂದರೆ, "ಬ್ಯಾಡ ಕಣಕ್ಕ, ಕೆಲ್ಸಕ್ಕೇ ಸಂಚಕಾರ" ಅಂದರು. ಅವರಿಗೆ ಹೆದರಲು ಕಾರಣವಿತ್ತು. ಬಸ್ಸಿನಲ್ಲಿ ಕುಳಿತು ಯೋಚಿಸಿದೆ: ಹೊಂದಿಕೊಳ್ಳಲೂ ಕೂಡದು, ಜಗಳವಾಡಲೂ ಕೂಡದು. ಹಾಗಾದರೆ ಕಾರ್ಖಾನೆಯ ನಿಯಮವನ್ನೇ ಅಕ್ಷರಶಃ ಪಾಲಿಸೋಣ.

ಕೆಲಸದ ಹೊತ್ತಿನಲ್ಲಿ ಯಾರೇ ಹೊರಗೆ ಹೋಗಬೇಕಾದರೂ ಪರ್ಸನಲ್ ಆಫೀಸರು ಸಹಿ ಮಾಡಿದ ಗೇಟ್ ಪಾಸು ಬೇಕು, ಕಾರಣವನ್ನೂ ಅವರೇ ಬರೆಯಬೇಕು. ಹಿಂದಿನ ಸಣ್ಣ ಬಾಗಿಲು ನಿಯಮದಲ್ಲಿ ಇರಲೇ ಇಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಅವರ ಬಾಗಿಲಲ್ಲಿ ನಿಂತೆ.

"ಗೇಟ್ ಪಾಸು ಬೇಕಿತ್ತು ಸಾರ್."

"ಏನು ಕಾರಣ?"

ಹೇಳಿದೆ. ಎದುರಿಗೆ ಕುಳಿತಿದ್ದ ಸ್ಟೋರ್ಸ್ ವಿಭಾಗದವರು ಕೆಮ್ಮಿದರು. ಆಫೀಸರು ಕಾರಣದ ಜಾಗದಲ್ಲಿ 'ಸ್ವಂತ ಕೆಲಸ' ಎಂದು ಬರೆದರು. ಮಧ್ಯಾಹ್ನ ಮತ್ತೆ ಹೋದೆ, ಸಂಜೆಯೂ ಹೋದೆ. ನನಗೇನು ನಾಚಿಕೆಯಾಗಲಿಲ್ಲವೇ? ಆಗುತ್ತಿತ್ತು. ಆದರೂ ಬರುವ ದಿನವೆಲ್ಲ ಹೋದೆ, ಸ್ಪಷ್ಟವಾಗಿ ಕೇಳಿದೆ.

ಮೂರನೆಯ ವಾರವಿರಬೇಕು, ಪಾಸು ಹಿಡಿದು ತಿರುಗಿದರೆ ನನ್ನ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು. ಸೆರಗು ಬಿಗಿಯಾಗಿ ಹೊದ್ದು, ನೆಲ ನೋಡುತ್ತಾ, "ನಂಗೂ ಒಂದ್ ಪಾಸ್ ಬರ್ಕೊಡಿ ಸಾ" ಅಂದಳು. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆ ವಾರ ಕಳೆಯುವುದರೊಳಗೆ ಕೋಣೆಯ ಮುಂದೆ ಅತ್ತೆಯ ಹಿತ್ತಿಲಿನಷ್ಟೇ ಉದ್ದದ ಸಾಲು. ಸಹಿ ಮಾಡುವುದರಲ್ಲೇ ಆಫೀಸರ ಬೆಳಗು ಮುಗಿಯುತ್ತಿತ್ತು. ಮೋಟಾರುಗಳು ತಡವಾದವು, ಮೇಲಿನವರು ಯಾಕೆಂದು ಕೇಳಿದರು. ಯಾಕೆಂದು ಆಫೀಸರು ಬಾಯಿಬಿಟ್ಟು ಹೇಳಬೇಕಾಯಿತು.

ಶೆಡ್ಡಿನ ಪಕ್ಕ ಇಟ್ಟಿಗೆ ಬಂದು ಬಿತ್ತು. ನನ್ನ ಫೀಲ್ಡ್ ವರ್ಕ್ ಮುಗಿಯುವ ಹೊತ್ತಿಗೆ ಶೌಚಾಲಯ ಎದ್ದು ನಿಂತಿತ್ತು. ಬಾಗಿಲಿಗೆ ಚಿಲಕ, ಒಳಗೆ ನಲ್ಲಿ. ನನ್ನ ಬಗೆಗಿನ ವರದಿಯಲ್ಲಿ ಆಫೀಸರು 'ಹಟದ ಸ್ವಭಾವ' ಎಂದು ಬರೆದರೂ ಅಂಕ ಕಡಿಮೆ ಮಾಡಲಿಲ್ಲ. ಅತ್ತೆ ಮಾತ್ರ ಸಪ್ಪಗಾದಳು. "ಮಾತಾಡಾಕೆ ಜನ ಬತ್ತಿದ್ರು, ನೀನ್ ಬಂದು ಎಲ್ಲಾ ಕೆಡಿಸ್ದೆ" ಅಂದಳು.

ಫಲಿತಾಂಶ ಬಂದ ವಾರವೇ ಕೆಲಸದ ಅರ್ಜಿ ಹಿಡಿದು ಅದೇ ಆಫೀಸರ ಕೋಣೆಗೆ ಹೋದೆ. ಅವರು ಅರ್ಜಿಯನ್ನು ಎರಡು ಸಲ ಓದಿ, "ಪರ್ಸನಲ್ ಡಿಪಾರ್ಟ್‌ಮೆಂಟ್‌ಗೆ ನಾವು ಲೇಡೀಸನ್ನ ತಗೊಂಡಿಲ್ಲಮ್ಮ, ಯಾಕೇಂದ್ರೆ..." ಎಂದು ಶುರು ಮಾಡಿದರು. ಕಿಟಕಿಯಿಂದ ಆಚೆ ಶೆಡ್ಡಿನ ಪಕ್ಕದ ಹೊಸ ಶೌಚಾಲಯದ ಗೋಡೆ ಕಾಣುತ್ತಿತ್ತು. ಅವರೂ ಅತ್ತ ನೋಡಿದರು, ನಾನೂ ನೋಡಿದೆ.

"ಹೇಳಿ ಸಾರ್, ಯಾಕೆ?" ಅಂದೆ.

ಅವರು ಕನ್ನಡಕ ತೆಗೆದಿಟ್ಟು, ಕಾಫಿಗೆ ಹೇಳಿ, ಯಾವತ್ತಿನಿಂದ ಬರುತ್ತೀರ ಎಂದು ಕೇಳಿದರು.