ಕೆಂಪು ಗೆರೆಯ ಕಾಯಿ

ತಪ್ಪು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಚಿಕ್ಕವಳಿದ್ದಾಗ ಲೋಟ ಒಡೆದರೂ ಬೆಕ್ಕಿನ ಮೇಲೆ ಹಾಕುತ್ತಿದ್ದೆ. ಆ ಗುಣದಿಂದ ನಾನು ಕಳೆದುಕೊಂಡದ್ದಕ್ಕೆ ಒಂದು ತೆಂಗಿನಕಾಯಿ ಕಾರಣ ಎಂದರೆ ಕೇಳಿದವರಿಗೆ ನಗು ಬರಬಹುದು. ನನಗಿನ್ನೂ ಬಂದಿಲ್ಲ.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ವಾರ ನಮ್ಮ ಮನೆಯಲ್ಲಿ ಅಟ್ಟ ತುಂಬುವ ಕೆಲಸ. ನೊಣವಿನಕೆರೆ ಸುತ್ತಿನ ನಮ್ಮ ಕಡೆ ಕಾಯಿಯನ್ನು ಹೊರಗಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಕೊಬ್ಬರಿಯಾಗಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಲೊಡಲೊಡ ಅನ್ನಬೇಕು. ಅವಸರಪಟ್ಟು ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಪಕ್ಕದ ಊರಿನ ಅವನು, ನನ್ನ ಕ್ಲಾಸಿನವನೇ, ಅಂದು ಕೈಜೋಡಿಸಲು ಬಂದಿದ್ದ. ಅವನು ಅಟ್ಟದ ಮೇಲೆ, ನಾನು ಏಣಿಯ ಮೇಲೆ. ಅಪ್ಪ ಕೆಳಗಿನಿಂದ ಕೊಟ್ಟ ಕಾಯಿ ನನ್ನ ಕೈ ದಾಟಿ ಅವನ ಕೈ ಸೇರುತ್ತಿತ್ತು. ಎರಡು ವರ್ಷದಿಂದ ಅವನು ನನ್ನ ಹತ್ತಿರ ಏನೋ ಹೇಳಲು ಬಂದು, ಕೊನೆಗೆ ಗಣಿತದ ನೋಟ್ಸ್ ಇಸಿದುಕೊಂಡು ಹೋಗುತ್ತಿದ್ದ. ಅಷ್ಟು ನೋಟ್ಸ್ ಇಸಿದುಕೊಂಡವನು ಗಣಿತದಲ್ಲಿ ಮೂವತ್ತೈದು ದಾಟಲಿಲ್ಲ ಎನ್ನುವುದು ಬೇರೆ ಮಾತು. ಜೂನ್ ಬಂದರೆ ನಾನು ತಿಪಟೂರಿನ ಕಾಲೇಜಿಗೆ, ಅವನು ತುರುವೇಕೆರೆಗೆ. ಅಪ್ಪ ನೀರು ಕುಡಿಯಲು ಒಳಗೆ ಹೋದಾಗ ನಾನೇ ಕೇಳಿಬಿಟ್ಟೆ, ಅದೇನು ಹೇಳಬೇಕೋ ಹೇಳಿ ಮುಗಿಸು ಎಂದು.

ಅವನು ಕೈಯಲ್ಲಿದ್ದ ಕಾಯಿಯನ್ನು ಎತ್ತಿ ತೋರಿಸಿದ.

"ಈಗ ಹೇಳಿದ್ರೆ ಇಬ್ರೂ ಓದಲ್ಲ ಕಣೇ. ಈ ಕಾಯಿ ಒಣಗ್ಲಿ. ಒಣಗೈತೆ ಅಂತ ನೀನೇ ಬಂದು ಹೇಳು. ನಿಂಗೂ ಇಷ್ಟ ಐತೆ ಅಂದ್ಕೊಂಡು ಅವತ್ತು ಹೇಳ್ತೀನಿ."

ನಾನು ಇಳಿದು ಹೋಗಿ ಅಕ್ಕನ ನೇಲ್ ಪಾಲಿಶ್ ತಂದು ಆ ಕಾಯಿಯ ಮೇಲೆ ಒಂದು ಕೆಂಪು ಗೆರೆ ಎಳೆದೆ. ಅವನು ಅದನ್ನು ಗೋಡೆಯ ಮೂಲೆಯಲ್ಲಿಟ್ಟ.

ಆಮೇಲೆ ಒಂದು ವರ್ಷ ಬೆಳಿಗ್ಗೆ ಬೆಳಿಗ್ಗೆ ಎರಡೂ ಊರಿನವರು ಬಸ್ಸಿಗೆ ಕಾಯುವ ಜಾಗದಲ್ಲಿ ರಸ್ತೆಯ ಆ ಬದಿ ಅವನು, ಈ ಬದಿ ನಾನು. ಯಾರ ಬಸ್ಸು ಮೊದಲು ಬಂದರೂ ಇನ್ನೊಬ್ಬರ ಮುಖ ಸಪ್ಪಗಾಗುತ್ತಿತ್ತು. ನನಗೆ ಫೋನಿರಲಿಲ್ಲ, ಅಮ್ಮನ ಫೋನಿಗೆ ಮೆಸೇಜ್ ಹಾಕುವಷ್ಟು ದಡ್ಡ ಅವನಲ್ಲ. ಕಾಲೇಜಿನಲ್ಲಿ ಇಂಗ್ಲಿಷಿನ ಪಾಠ ಒಂದಕ್ಷರ ತಲೆಗೆ ಹತ್ತದ ದಿನಗಳಲ್ಲಿ ಮನೆಗೆ ಬಂದು ತಲೆಯೆತ್ತಿ ಅಟ್ಟ ನೋಡುತ್ತಿದ್ದೆ. ಅಷ್ಟಕ್ಕೇ ಸಮಾಧಾನವಾಗುತ್ತಿತ್ತು. ಅವನೆಂದರೆ ನನಗೆ ಎಷ್ಟು ಇಷ್ಟ ಎಂದು ತಿಳಿದದ್ದು ಆ ವರ್ಷವೇ.

ಫಸ್ಟ್ ಪಿಯುಸಿ ಪರೀಕ್ಷೆಯ ವಾರ ತಿಪಟೂರಿನ ಚಿಕ್ಕಮ್ಮನ ಮನೆಯಲ್ಲಿದ್ದೆ. ಮುಗಿಸಿ ಬಂದರೆ ಅಟ್ಟ ಖಾಲಿ. ಕಾಯಿ ಸುಲಿಯುವವರು ಸಿಕ್ಕಿದರೆಂದು ಅಪ್ಪ ಕೆಲಸ ಮುಗಿಸಿಬಿಟ್ಟಿದ್ದರು. ಕೊಬ್ಬರಿಯೆಲ್ಲ ಚೀಲ ಸೇರಿತ್ತು. ಹಿತ್ತಲಿನ ಮಟ್ಟೆ ರಾಶಿಯಲ್ಲಿ ಕೆದಕಿ ಕೆದಕಿ ಕೆಂಪು ಗೆರೆಯ ಚೂರೊಂದನ್ನು ಹುಡುಕಿ ತೆಗೆದೆ. ಕೊಬ್ಬರಿ ಸೀಮೆಯಲ್ಲಿ ಹುಟ್ಟಿ ಬೆಳೆದವಳು ಗುರುತನ್ನು ಮಟ್ಟೆಯ ಮೇಲೆ ಹಾಕಿದ್ದೆ. ಸುಲಿದರೆ ಮೊದಲು ಹೋಗುವುದೇ ಅದು. ಬಚ್ಚಲ ಒಲೆಯ ಮುಂದೆ ಕೂತು ಅತ್ತೆ.

ಎರಡು ದಿನದ ಮೇಲೆ ಅವನು ರಸ್ತೆ ದಾಟಿ ಬಂದು, ಕಾಯಿ ಒಣಗಿತಾ ಎಂದು ಕೇಳಿದ. ಕಳೆದುಹೋಯಿತು ಅನ್ನಲು ನಾಲಿಗೆ ಹೊರಳಲಿಲ್ಲ. ಇನ್ನೂ ಇಲ್ಲ ಅಂದೆ. ಹೊಸದಾಗಿ ಅಟ್ಟಕ್ಕೆ ಹಾಕುವ ಕಾಯಿಗೊಂದು ಗೆರೆ ಎಳೆದರೆ ಆಯಿತು, ಅವನಿಗೇನು ಗೊತ್ತಾಗುತ್ತದೆ ಎಂದು ನನ್ನ ಜಾಣತನ ಲೆಕ್ಕ ಹಾಕಿತ್ತು. ಸೆಕೆಂಡ್ ಪಿಯುಸಿ ಶುರುವಾದಾಗ ಮತ್ತೆ ಕೇಳಿದ. ಇನ್ನೂ ಇಲ್ಲ. ಗೌರಿ ಹಬ್ಬ ಕಳೆದ ಮೇಲೆ ಕೊನೆಯ ಸಲ ಬಂದ. ಆಗಲೂ ಅದನ್ನೇ ಅಂದೆ.

ಅವನು ಸಿಟ್ಟಾಗಲಿಲ್ಲ. ನನ್ನ ಮುಖ ನೋಡದೆ ಹೇಳಿದ.

"ನಮ್ಮನೇಲೂ ಅಟ್ಟ ಐತೆ ಕಣೇ. ಕಾಯಿ ಒಣಗೋಕೆ ಎಷ್ಟು ತಿಂಗ್ಳು ಬೇಕು ಅಂತ ನಂಗೂ ಗೊತ್ತು. ಬುಡು, ಇನ್ನು ಕೇಳಲ್ಲ."

ವಾಪಸ್ ರಸ್ತೆ ದಾಟಿ ತನ್ನ ಬದಿಗೆ ಹೋಗಿ ನಿಂತ. ಬೇಡ ಅನ್ನಲಾರದೆ ನಾನು ದಿನ ತಳ್ಳುತ್ತಿದ್ದೇನೆ ಎಂದು ಅವನು ತಿಳಿದಿದ್ದ. ನಮ್ಮ ಸೀಮೆಯ ಯಾವ ಹುಡುಗನಾದರೂ ಹಾಗೇ ತಿಳಿಯುತ್ತಿದ್ದ. ಆ ಮಟ್ಟೆಯ ಚೂರು ಅಂದೂ ನನ್ನ ಬ್ಯಾಗಿನಲ್ಲಿತ್ತು. ರಸ್ತೆ ದಾಟಿ ಅದನ್ನು ತೋರಿಸಿದ್ದರೆ ಸಾಕಿತ್ತು. ಜಿಪ್ ಎಳೆದು ಕೈ ಹಾಕಿದ್ದೆ. ಅಷ್ಟರಲ್ಲಿ ತಿಪಟೂರಿನ ಬಸ್ಸು ಬಂತು, ಹತ್ತಿಬಿಟ್ಟೆ.

ಅರ್ಧ ಗಂಟೆ ಬಿಟ್ಟು ಇನ್ನೊಂದು ಬಸ್ಸಿತ್ತು.